ರಾತ್ರಿಯ ರೀಡಿಂಗ್ ನೋಡಿ, ಆಮೇಲೆ ಕೊಟೇಶನ್ ನೋಡೋಣ

ಆಫೀಸು, ಅಂಗಡಿ, ಸಂಸ್ಥೆಗಳ ಕರೆಂಟು ಮತ್ತು ಕಂಪ್ಯೂಟರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಆಫೀಸಿನ ಕಾರ್ಬನ್ ಕಡಿಮೆ ಮಾಡೋದು ಹೇಗೆ ಎಂದು ಕೇಳಿ ಈ ಸಲ ಬಹಳ ಪತ್ರ ಬಂದಿವೆ. ಧಾರವಾಡ, ಗದಗ, ಹಾವೇರಿ ಕಡೆಯವೇ ಜಾಸ್ತಿ. ನಾನು ಹುಬ್ಬಳ್ಳಿಯಲ್ಲಿ ಯುಪಿಎಸ್, ಸರ್ವರ್, ಕಂಪ್ಯೂಟರ್‌ಗಳ ಎಎಂಸಿ (ವರ್ಷದ ನಿರ್ವಹಣೆ ಗುತ್ತಿಗೆ) ಕೆಲಸದಲ್ಲೇ ತಲೆ ಬೆಳ್ಳಗಾದವನು. ಪರಿಸರ ವಿಜ್ಞಾನಿ ಅಲ್ಲ. ಆದರೆ ಆಫೀಸಿನಲ್ಲಿ ಕರೆಂಟು ಎಲ್ಲೆಲ್ಲಿ ಸೋರುತ್ತದೆ ಅನ್ನೋದು ಗೊತ್ತು.

ಎಲ್ಲ ಉತ್ತರಕ್ಕೂ ಬೇಕಾಗುವ ಒಂದು ಅಂಕಿ ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದ ಗ್ರಿಡ್‌ನಿಂದ ಬರುವ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಮುಂದೆ ಬರೀ ‘ಕಾರ್ಬನ್’ ಅಂದರೂ ಇದೇ. ಕೇಂದ್ರ ವಿದ್ಯುತ್ ಪ್ರಾಧಿಕಾರ ಈ ಲೆಕ್ಕವನ್ನು ಪ್ರಕಟಿಸುತ್ತದೆ. ‘ಗದಗಿನ ಗುಡ್ಡದ ಮೇಲೆ ಇಷ್ಟೊಂದು ಗಾಳಿಯಂತ್ರ ಇದಾವಲ್ರೀ, ನಮ್ಮ ಕರೆಂಟು ಗಾಳೀದ ಅಲ್ಲೇನು?’ ಎಂದು ಒಬ್ಬರು ಕೇಳಿದ್ದಾರೆ. ಗಾಳಿಯ ಕರೆಂಟು, ಕಲ್ಲಿದ್ದಲಿನ ಕರೆಂಟು ಎರಡೂ ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ. ಹಾಗಾಗಿ ನಮ್ಮ ಲೆಕ್ಕಕ್ಕೆ ಸರಾಸರಿಯೇ ಗತಿ.

ಪ್ರಶ್ನೆ: ನಮ್ಮದು ಸೌಹಾರ್ದ ಸಹಕಾರಿ. 14 ಕಂಪ್ಯೂಟರ್, ಒಂದು ಸರ್ವರ್, ಮೂರು ಎಸಿ ಇವೆ. ನಿರ್ದೇಶಕರೊಬ್ಬರು ತರಬೇತಿಗೆ ಹೋಗಿ ಬಂದು, ಸಂಸ್ಥೆಯ ಇಂಗಾಲದ ಹೆಜ್ಜೆಗುರುತು ತಗ್ಗಿಸಲೇಬೇಕು ಎಂದು ಠರಾವು ಮಾಡಿಸಿದ್ದಾರೆ. ಒಂದು ಕಂಪನಿ ಎಲ್ಲವನ್ನೂ ಹೊಸದಾಗಿ ಹಾಕಿಕೊಡಲು ಕೊಟೇಶನ್ ಕೊಟ್ಟಿದೆ. ಎಲ್ಲಿಂದ ಶುರು ಮಾಡಬೇಕು?
– ವ್ಯವಸ್ಥಾಪಕರು, ಗದಗ

ಕೊಟೇಶನ್ ಸದ್ಯ ಡ್ರಾಯರ್‌ನಲ್ಲಿರಲಿ. ಇವತ್ತು ಸಂಜೆ ಶಟರ್ ಎಳೆಯುವ ಮುಂಚೆ ಮೀಟರ್ ಹತ್ತಿರ ಹೋಗಿ. ಡಿಜಿಟಲ್ ಮೀಟರ್‌ನಲ್ಲಿ ಅಂಕಿಗಳು ಒಂದಾದ ಮೇಲೊಂದು ಬದಲಾಗುತ್ತಿರುತ್ತವೆ. ಕೆಡಬ್ಲ್ಯೂಎಚ್ (ಅಂದರೆ ಯೂನಿಟ್) ಅಂತ ಬಂದಾಗ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಬೆಳಿಗ್ಗೆ ಬಂದ ಕೂಡಲೇ, ಯಾರೂ ಸ್ವಿಚ್ ಮುಟ್ಟುವ ಮುಂಚೆ ಇನ್ನೊಂದು ಫೋಟೋ. ಎರಡನ್ನೂ ಕಳೆಯಿರಿ. ಆಫೀಸಿನಲ್ಲಿ ಒಂದು ನರಪಿಳ್ಳೆಯೂ ಇಲ್ಲದಾಗ ಓಡಿದ ಕರೆಂಟು ಅದು. ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ಜಿಲ್ಲೆಯವರು ನೀವು, ಲೆಕ್ಕ ಬರೆಯೋದನ್ನು ನಾನು ಹೇಳಿಕೊಡಬೇಕಿಲ್ಲ.

12 ಯೂನಿಟ್ ಬಂತು ಅಂತ ಇಟ್ಟುಕೊಳ್ಳಿ. ಸಂಜೆ ಆರರಿಂದ ಬೆಳಿಗ್ಗೆ ಒಂಬತ್ತು, ಹದಿನೈದು ತಾಸು. ಅಂದರೆ ರಾತ್ರಿಯಿಡೀ ಸತತವಾಗಿ 800 ವ್ಯಾಟ್. ನಿಮ್ಮಷ್ಟು ದೊಡ್ಡ ಆಫೀಸಿನಲ್ಲಿ ಇದು ಹೀಗೆ ಹಂಚಿಹೋಗಿರಬಹುದು: ಸರ್ವರ್‌ಗೆ 150, ಆ ರೂಮಿನ ಎಸಿಗೆ 400, ಯುಪಿಎಸ್ ತಾನೇ ತಿನ್ನೋದು 100, ಕ್ಯಾಮರಾ, ಅದರ ರೆಕಾರ್ಡರ್ (ಡಿವಿಆರ್), ರೌಟರ್ ಸೇರಿ 70, ಉಳಿದದ್ದು ನೀರಿನ ಕೂಲರ್ ಮತ್ತು ಹೊರಗಿನ ಬೋರ್ಡು. ವರ್ಷಕ್ಕೆ 4,380 ಯೂನಿಟ್, ಮೂರು ಟನ್ ಕಾರ್ಬನ್. ಭಾನುವಾರದ ಹಗಲು ಇನ್ನೂ ಸೇರಿಸಿಲ್ಲ. ನಿಮ್ಮ ಕೊಟೇಶನ್‌ನಲ್ಲಿ ಇದರ ಬಗ್ಗೆ ಒಂದು ಸಾಲಾದರೂ ಇದೆಯಾ ನೋಡಿ.

ಈ ಪಟ್ಟಿಯಲ್ಲಿ ಮೊದಲು ಕೈ ಹಾಕಬೇಕಾದದ್ದು ಸರ್ವರ್ ರೂಮಿನ ಎಸಿಗೆ. ಹೆಚ್ಚಿನ ಕಡೆ ಅದನ್ನು 18ಕ್ಕೆ ಇಟ್ಟು ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಕೇಳಿದರೆ ‘ಸರ್ವರ್ ಬಿಸಿ ಆಗ್ತದ ಸರ್’ ಅಂತಾರೆ. ಸರ್ವರ್‌ಗೆ ಹೋಗುವ ಗಾಳಿ 18ರಿಂದ 27 ಡಿಗ್ರಿವರೆಗೆ ಇದ್ದರೆ ಸಾಕು ಎಂದು ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಸ್ಥೆ ಆಶ್ರೇ ಹೇಳುತ್ತದೆ. 25–26ಕ್ಕೆ ಏರಿಸಿ. ಖರ್ಚು ಸೊನ್ನೆ, ರಿಮೋಟ್‌ನ ಬಟನ್ ಒತ್ತಬೇಕಷ್ಟೆ. ಹಾಗೇ ಇನ್ನೊಂದು ಕೇಳಿ: ಆ ಸರ್ವರ್‌ನಲ್ಲಿ ಈಗ ಏನಿದೆ? ನಿಮ್ಮ ಬ್ಯಾಂಕಿಂಗ್ ಸಾಫ್ಟ್‌ವೇರ್ ಹೊರಗಿನ ಡೇಟಾ ಸೆಂಟರ್‌ಗೆ ಹೋಗಿದ್ದರೆ, ಇಲ್ಲಿ ಉಳಿದಿರೋದು ಹಳೆಯ ಬ್ಯಾಕಪ್ ಮತ್ತು ನಾಲ್ಕು ಎಕ್ಸೆಲ್ ಫೈಲ್ ಇರಬಹುದು. ಅದಕ್ಕೆ 24 ತಾಸು ಸರ್ವರ್ ಬೇಕಿಲ್ಲ, ಎಸಿಯಂತೂ ಬೇಡವೇ ಬೇಡ. 20–30 ವ್ಯಾಟ್ ತಿನ್ನುವ ಸಣ್ಣ ಸ್ಟೋರೇಜ್ ಪೆಟ್ಟಿಗೆ ಸಾಕು.

ಆಮೇಲೆ ಯುಪಿಎಸ್. ಭಾನುವಾರ ಬಂದ್ ಇದ್ದ ಆಫೀಸಿಗೆ ಸೋಮವಾರ ಬೆಳಿಗ್ಗೆ ಸರ್ವಿಸ್‌ಗೆ ಹೋದರೆ ನಾನು ಮೊದಲು ಯುಪಿಎಸ್ ಹಿಂದಿನ ಜಾಲರಿಗೆ ಕೈ ಒಡ್ಡುತ್ತೇನೆ. ಬಿಸಿಗಾಳಿ ಬರುತ್ತಲೇ ಇರುತ್ತದೆ. ಆನ್‌ಲೈನ್ ಯುಪಿಎಸ್ ಒಳಬರುವ ಎಸಿ ಕರೆಂಟನ್ನು (ತಂಪಿನ ಎಸಿ ಅಲ್ಲ, ದಿಕ್ಕು ಬದಲಿಸುತ್ತ ಹರಿಯುವ ಕರೆಂಟು) ಬ್ಯಾಟರಿಯಂಥ ಡಿಸಿ ಮಾಡಿ, ಅದನ್ನೇ ಮತ್ತೆ ಎಸಿ ಮಾಡಿ ಹೊರಗೆ ಕೊಡುತ್ತದೆ. ಈ ತಿರುಗಾ ಮುರುಗಾ ಕೆಲಸದಲ್ಲಿ ಒಂದಷ್ಟು ಬಿಸಿಯಾಗಿ ಹೋಗಲೇಬೇಕು. ಅದರ ಮೇಲೆ ಲೋಡ್ ಇದ್ದರೂ ಇಲ್ಲದಿದ್ದರೂ ಇದು ತಪ್ಪಿದ್ದಲ್ಲ. ಆ ಬಿಸಿಯನ್ನು ಆರಿಸಲು ಅದೇ ರೂಮಿನಲ್ಲಿ ತಂಪಿನ ಎಸಿ. ಒಂದೇ ಕರೆಂಟಿಗೆ ಎರಡು ಸಲ ದುಡ್ಡು! ಎಷ್ಟೋ ಕಡೆ ‘ಮುಂದೆ ಬೇಕಾಗ್ತದ’ ಅಂತ 10 ಕೆವಿಎಯ ದೊಡ್ಡ ಯುಪಿಎಸ್ ಹಾಕಿಸಿಕೊಂಡು ಒಂದೂವರೆ ಕಿಲೋವ್ಯಾಟ್ ಬಳಸುತ್ತಿರುತ್ತಾರೆ. ಅಷ್ಟು ಕಡಿಮೆ ಲೋಡ್‌ನಲ್ಲಿ ಯುಪಿಎಸ್‌ನ ದಕ್ಷತೆ ಇನ್ನೂ ಬೀಳುತ್ತದೆ. ಕ್ಯಾಮರಾ, ರೌಟರ್‌ಗೆ ಬೇರೆ ಒಂದು ಸಣ್ಣ ಯುಪಿಎಸ್ ಇಡಿ, ಕೌಂಟರ್‌ಗಳ ದೊಡ್ಡದನ್ನು ಸಂಜೆ ಬಂದ್ ಮಾಡಿ. ಬಂದ್ ಇದ್ದಾಗ ಬ್ಯಾಟರಿ ಚಾರ್ಜ್ ಆಗುತ್ತದೋ ಇಲ್ಲವೋ ಎನ್ನುವುದು ಮಾಡೆಲ್ ಮೇಲೆ ಹೋಗುತ್ತದೆ, ಸರ್ವಿಸ್‌ನವರನ್ನು ಕೇಳಿಕೊಳ್ಳಿ. ಸಿಸಿ ಕ್ಯಾಮರಾ ಮಾತ್ರ ಮುಟ್ಟಬೇಡಿ, ಅಡವಿಟ್ಟ ಬಂಗಾರ ಇರುವ ಜಾಗ.

ಠರಾವಿಗೆ ಒಂದು ವರದಿ ಬೇಕಾಗುತ್ತದೆ ಅಲ್ವಾ? ಅದಕ್ಕೂ ಕನ್ಸಲ್ಟಂಟ್ ಬೇಡ. 12 ತಿಂಗಳ ಹೆಸ್ಕಾಂ ಕರೆಂಟು ಬಿಲ್, ಜನರೇಟರ್‌ಗೆ ಹಾಕಿಸಿದ ಡೀಸೆಲ್‌ನ ಬಿಲ್, ಎಸಿ ಗ್ಯಾಸ್ ತುಂಬಿಸಿದ ಬಿಲ್. ಯೂನಿಟ್‌ಗೆ 0.7 ಕೆಜಿ, ಡೀಸೆಲ್ ಲೀಟರ್‌ಗೆ ಸುಮಾರು 2.7 ಕೆಜಿ. ಗ್ಯಾಸಿನ ಲೆಕ್ಕ ಕೆಳಗೆ ಧಾರವಾಡದವರ ಉತ್ತರದಲ್ಲಿದೆ. ಸಣ್ಣ ಜನರೇಟರ್ ಒಂದು ಲೀಟರ್‌ಗೆ ಮೂರು ಯೂನಿಟ್ ಆಸುಪಾಸು ಕೊಡುತ್ತದೆ, ಅಂದರೆ ಅದರ ಕರೆಂಟು ಗ್ರಿಡ್‌ಗಿಂತ ಕೊಳಕು. ಒಂದು ಪ್ರಿಂಟರ್ ಓಡಿಸಲು ಇಡೀ ಜನರೇಟರ್ ಶುರು ಮಾಡೋದನ್ನು ಮೊದಲು ನಿಲ್ಲಿಸಿ.

ಪ್ರಶ್ನೆ: ನಮ್ಮದು ಆಡಿಟ್ ಆಫೀಸು. ವಿಂಡೋಸ್ 10 ಮುಗಿಯಿತು, ಒಂಬತ್ತೂ ಕಂಪ್ಯೂಟರ್ ಬದಲಿಸಿ, ಹೊಸವು ಕರೆಂಟು ಕಡಿಮೆ ತಿನ್ನುತ್ತವೆ, ಪರಿಸರಕ್ಕೂ ಒಳ್ಳೇದು ಅಂತ ನಮ್ಮ ವೆಂಡರ್ ಹೇಳುತ್ತಾರೆ. ನಿಜವೇ?
– ಓದುಗರು, ಕೇಶ್ವಾಪುರ, ಹುಬ್ಬಳ್ಳಿ

ಅರ್ಧ ನಿಜ. 14 ಅಕ್ಟೋಬರ್ 2025ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿದೆ, ಅದು ಹೌದು. ಗಿರಾಕಿಗಳ ಪ್ಯಾನ್, ಬ್ಯಾಂಕ್ ವಿವರ ಇಟ್ಟುಕೊಂಡವರು ಸುರಕ್ಷಾ ಅಪ್‌ಡೇಟ್ ಇಲ್ಲದ ಮಷಿನ್ ಇಂಟರ್‌ನೆಟ್‌ಗೆ ಹಚ್ಚಬಾರದು, ಅದೂ ಹೌದು. ಆದರೆ ಒಂಬತ್ತನ್ನೂ ಎತ್ತಿ ಎಸೆಯಿರಿ ಅನ್ನೋದು ವ್ಯಾಪಾರ.

ಲೆಕ್ಕ ಹಾಕೋಣ. ಹಳೆಯ ಡೆಸ್ಕ್‌ಟಾಪು ಮಾನಿಟರ್ ಸೇರಿ 60 ವ್ಯಾಟ್ ತಿಂದರೆ, ದಿನಕ್ಕೆ ಎಂಟು ತಾಸು, ವರ್ಷಕ್ಕೆ 300 ದಿನ, 144 ಯೂನಿಟ್. ಸುಮಾರು 100 ಕೆಜಿ ಕಾರ್ಬನ್. ಹೊಸ ಲ್ಯಾಪ್‌ಟಾಪ್ 25 ವ್ಯಾಟ್ ಅಂದರೆ ವರ್ಷಕ್ಕೆ 60 ಯೂನಿಟ್, 42 ಕೆಜಿ. ಉಳಿತಾಯ 58 ಕೆಜಿ. ಆದರೆ ಆ ಲ್ಯಾಪ್‌ಟಾಪ್ ತಯಾರಾಗುವಾಗಲೇ 200–300 ಕೆಜಿ ಕಾರ್ಬನ್ ಹೊರಬಿದ್ದಿರುತ್ತದೆ. ಚಿಪ್ಪು, ಸ್ಕ್ರೀನು, ಬೋರ್ಡು ಮಾಡೋದೇ ಅಷ್ಟು ಕೆಲಸ. ತಯಾರಿಕೆಯ ಸಾಲ ತೀರಲಿಕ್ಕೇ ನಾಲ್ಕೈದು ವರ್ಷ ಬೇಕು. ಅಷ್ಟರಲ್ಲಿ ವೆಂಡರ್ ಮತ್ತೊಂದು ಕೊಟೇಶನ್ ತಂದಿರುತ್ತಾನೆ.

ಹಾಗಾಗಿ ಮೊದಲು ಪ್ರತಿ ಮಷಿನ್‌ನ ಪ್ರೊಸೆಸರ್ ನೋಡಿ. ಇಂಟೆಲ್ ಎಂಟನೇ ಪೀಳಿಗೆ ಅಥವಾ ಅದರ ಮುಂದಿನದಿದ್ದು, ಟಿಪಿಎಂ 2.0 ಎಂಬ ಸುರಕ್ಷಾ ಚಿಪ್ಪು ಇದ್ದರೆ ವಿಂಡೋಸ್ 11 ಪುಕ್ಕಟೆ ಹಾಕಬಹುದು. ಟಿಪಿಎಂ ಇದ್ದರೂ ಎಷ್ಟೋ ಸಲ ಬಯಾಸ್‌ನಲ್ಲಿ (ಮಷಿನ್ ಶುರುವಾಗುವಾಗಿನ ಸೆಟ್ಟಿಂಗ್) ಬಂದ್ ಇರುತ್ತದೆ, ಅದನ್ನು ಚಾಲೂ ಮಾಡಿದರೆ ಆಯಿತು. ನಿಧಾನ ಅನ್ನಿಸಿದರೆ ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, 8 ಜಿಬಿ ರ್‍ಯಾಮ್ ಮಾಡಿಸಿ. ‘ಹೊಸಾದ ಆತಲ್ರೀ’ ಅಂತ ಅಂದವರು ನನಗೆ ಬಹಳ ಜನ ಸಿಕ್ಕಿದ್ದಾರೆ.

ಅದಕ್ಕಿಂತ ಹಳೆಯವು ಇದ್ದರೆ ಕೆಲಸ ನೋಡಿ ಹಂಚಿ. ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್ ಇರುವ ಮಷಿನ್ ವಿಂಡೋಸ್‌ನಲ್ಲೇ ಇರಲಿ. ಬರೀ ಬ್ರೌಸರ್, ಪತ್ರ ಟೈಪಿಂಗ್, ಸ್ಕ್ಯಾನಿಂಗ್ ಮಾಡುವವಕ್ಕೆ ಲಿನಕ್ಸ್ ಹಾಕಿಸಿ. ನಿಮ್ಮ ಟೈಪಿಸ್ಟ್ ಗಾಬರಿ ಆಗೋದು ಬೇಡ, ನುಡಿ ಸಾಫ್ಟ್‌ವೇರ್‌ನಲ್ಲಿ ಕೈ ಕುಳಿತ ಕಗಪ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ. ಸ್ವಲ್ಪ ಟೈಮ್ ಬೇಕು ಅನ್ನಿಸಿದರೆ ಮೈಕ್ರೋಸಾಫ್ಟ್ ದುಡ್ಡು ತಗೊಂಡು ಇನ್ನಷ್ಟು ಕಾಲ ಸುರಕ್ಷಾ ಅಪ್‌ಡೇಟ್ ಕೊಡುತ್ತದೆ. ಕೆಟ್ಟು ಕೂತ ಮಷಿನ್ ಬದಲಿಸುವಾಗ ಮಾತ್ರ ದೊಡ್ಡ ಡಬ್ಬಿ ಬೇಡ. ಮಿನಿ ಪಿಸಿ ಇಲ್ಲವೇ ರೀಫರ್ಬಿಶ್ ಮಾಡಿದ ಲ್ಯಾಪ್‌ಟಾಪ್ ತಗೊಳ್ಳಿ.

ಇನ್ನೊಂದು ಮಾತು. ನಿಮ್ಮ ಪತ್ರದ ಕೊನೆಗೆ ‘ಸ್ಕ್ರೀನ್ ಸೇವರ್ ಎಲ್ಲದಕ್ಕೂ ಹಾಕಿಸಿದ್ದೇವೆ’ ಎಂದಿದ್ದೀರಿ. ಅದರಿಂದ ಕರೆಂಟು ಉಳಿಯೋದಿಲ್ಲ. ಸ್ಕ್ರೀನ್ ಮೇಲೆ ಮೀನು ಈಜುತ್ತಿದ್ದರೂ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ. ಐದು ನಿಮಿಷಕ್ಕೆ ಸ್ಕ್ರೀನ್ ಬಂದ್, ಹದಿನೈದು ನಿಮಿಷಕ್ಕೆ ಸ್ಲೀಪ್. ಸ್ಲೀಪ್‌ನಲ್ಲಿ ಮಷಿನ್ ತಿನ್ನೋದು ಎರಡು ಮೂರು ವ್ಯಾಟ್ ಅಷ್ಟೆ. ಪಾಳಿಯಲ್ಲಿ ಊಟಕ್ಕೆ ಹೋಗಿಬರುವ ಆಫೀಸಿನಲ್ಲಿ ಇದೊಂದರಿಂದಲೇ ಒಳ್ಳೆ ಉಳಿತಾಯ.

ಪ್ರಶ್ನೆ: ಹಳೆಯ ಇ-ಮೇಲ್ ಅಳಿಸಿದರೆ ಕಾರ್ಬನ್ ಉಳಿಯುತ್ತದೆ ಎಂದು ನಮ್ಮ ಎಚ್‌ಆರ್‌ನವರು ಎಲ್ಲರಿಗೂ ಒಂದು ತಾಸು ಮೇಲ್ ಅಳಿಸುವ ಕಾರ್ಯಕ್ರಮ ಇಟ್ಟಿದ್ದರು. ವಿಡಿಯೋ ಮೀಟಿಂಗ್‌ನಲ್ಲಿ ಕ್ಯಾಮರಾ ಬಂದ್ ಇಡಿ ಅಂತಲೂ ಹೇಳಿದ್ದಾರೆ. ಉಪಯೋಗ ಇದೆಯೇ?
– ಉದ್ಯೋಗಿ, ಗೋಕುಲ ರಸ್ತೆ, ಹುಬ್ಬಳ್ಳಿ (ಮನೆ ಧಾರವಾಡ)

ಮೇಲ್ ಅಳಿಸಲು ಕೂತ ಆ ಒಂದು ತಾಸು ಎಸಿ, ಲೈಟು, ಕಂಪ್ಯೂಟರ್ ಓಡಿದ್ದರಲ್ಲೇ ಉಳಿಸಿದ್ದಕ್ಕಿಂತ ಜಾಸ್ತಿ ಹೋಗಿರುತ್ತದೆ. ಒಂದು ತಾಸು ವಿಡಿಯೋ ನೋಡಿದರೆ ಸುಮಾರು 36 ಗ್ರಾಂ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2020ರಲ್ಲಿ ಲೆಕ್ಕ ಕೊಟ್ಟಿತ್ತು. ಗ್ರಾಂ, ಕೆಜಿ ಅಲ್ಲ.

ನಿಮ್ಮ ಪತ್ರದಲ್ಲಿ ನನಗೆ ಕಣ್ಣಿಗೆ ಬಿದ್ದದ್ದು ಕಂಸದಲ್ಲಿರುವ ಎರಡು ಪದ. ಮನೆ ಧಾರವಾಡ, ಆಫೀಸು ಹುಬ್ಬಳ್ಳಿ. ಒಂದು ಕಡೆಗೆ 22 ಕಿ.ಮೀ. ಇಟ್ಟುಕೊಳ್ಳಿ. ಒಬ್ಬರೇ ಕಾರಿನಲ್ಲಿ ಬರುತ್ತಿದ್ದರೆ, 15 ಕಿ.ಮೀ. ಮೈಲೇಜ್ ಲೆಕ್ಕದಲ್ಲಿ ದಿನಕ್ಕೆ ಮೂರು ಲೀಟರ್ ಪೆಟ್ರೋಲ್. ಲೀಟರ್‌ಗೆ 2.3 ಕೆಜಿಯಂತೆ ಹತ್ತಿರ ಹತ್ತಿರ 7 ಕೆಜಿ. ಇಡೀ ದಿನ ನಿಮ್ಮ ಡೆಸ್ಕ್‌ಟಾಪ್ ಓಡಿದರೆ ಅರ್ಧ ಯೂನಿಟ್, 350 ಗ್ರಾಂ. ಇಪ್ಪತ್ತು ಪಟ್ಟು! ವಾರಕ್ಕೆ ಒಂದು ದಿನ ಮನೆಯಿಂದ ಕೆಲಸ ಕೊಡಿಸಿ ಎಂದು ಅದೇ ಎಚ್‌ಆರ್‌ನವರಿಗೆ ಈ ಅಂಕಿ ತೋರಿಸಿ. ಉಳಿದ ದಿನ ಚಿಗರಿ ಬಸ್ ಇದ್ದೇ ಇದೆ. ಅದೂ ಡೀಸೆಲ್ಲೇ, ಆದರೆ ಬೆಳಿಗ್ಗೆ ಒಂಬತ್ತರ ಚಿಗರಿಯಲ್ಲಿ ನಿಂತು ಬಂದವರಿಗೆ ಗೊತ್ತು ಆ ಡೀಸೆಲ್ ಎಷ್ಟು ಜನಕ್ಕೆ ಹಂಚಿಹೋಗುತ್ತದೆ ಅಂತ. ಮನೆಯಿಂದ ಮೀಟಿಂಗ್ ಮಾಡುವಾಗ ಕ್ಯಾಮರಾ ಹಚ್ಚಿಕೊಳ್ಳಿ, ಪರವಾಗಿಲ್ಲ.

ಪ್ರಶ್ನೆ: ನಮ್ಮ ಕೋಚಿಂಗ್ ಸೆಂಟರ್‌ನಲ್ಲಿ ಆರು ಎಸಿ ಇವೆ. ಪ್ರತಿ ಬೇಸಿಗೆಗೆ ಗ್ಯಾಸ್ ಖಾಲಿ ಆಗಿದೆ ಎಂದು ಮೆಕ್ಯಾನಿಕ್ ತುಂಬಿಸಿ ಹೋಗುತ್ತಾರೆ. ಫೈವ್ ಸ್ಟಾರ್ ಎಸಿ ತಗೊಂಡರೆ ಉಪಯೋಗ ಇದೆಯೇ?
– ಓದುಗರು, ಸಪ್ತಾಪುರ, ಧಾರವಾಡ

ಮೇಡಂ, ಸ್ಟಾರ್ ಮಾತು ಆಮೇಲೆ. ಎಸಿಯಲ್ಲಿ ಗ್ಯಾಸ್ ಖರ್ಚಾಗೋದೇ ಇಲ್ಲ. ಅದು ಮುಚ್ಚಿದ ಪೈಪಿನೊಳಗೆ ಸುತ್ತುತ್ತಿರುತ್ತದೆ. ಪ್ರತಿ ವರ್ಷ ತುಂಬಿಸಬೇಕಾಗಿದೆ ಅಂದರೆ ಪ್ರತಿ ವರ್ಷ ಸೋರುತ್ತಿದೆ ಅಂತಲೇ ಅರ್ಥ. ಈ ಗ್ಯಾಸುಗಳು ಭೂಮಿ ಬಿಸಿ ಮಾಡುವುದರಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಜೋರು. ಆರ್-410ಎ ಒಂದು ಕೆಜಿ ಸೋರಿದರೆ ಎರಡು ಟನ್ ಕಾರ್ಬನ್ ಡೈಆಕ್ಸೈಡ್ ಬಿಟ್ಟ ಲೆಕ್ಕ. ಹಳೆಯ ಆರ್-22 ಆದರೆ ಸುಮಾರು 1.8 ಟನ್, ಅದು ಓಜೋನ್ ಪದರಕ್ಕೂ ಕೆಟ್ಟದ್ದು. ಈಗಿನ ಆರ್-32 ಕೂಡ 675 ಕೆಜಿ. ಎರಡು ಟನ್ ಅಂದರೆ 2,800 ಯೂನಿಟ್ ಕರೆಂಟು. ಹೊರಗಿನ ಯೂನಿಟ್‌ಗೆ ಅಂಟಿಸಿದ ಚೀಟಿಯಲ್ಲಿ ಯಾವ ಗ್ಯಾಸ್, ಎಷ್ಟು ಅಂತ ಬರೆದಿರುತ್ತದೆ. ಓದಿ ನೋಡಿ.

ಸೋರಿಕೆ ಎಲ್ಲಿದೆ ಎಂದು ನೀವೇ ಒಂದು ಮಟ್ಟಿಗೆ ಪತ್ತೆ ಮಾಡಬಹುದು. ಹೊರಗಿನ ಯೂನಿಟ್ ಪಕ್ಕದಲ್ಲಿ ತಾಮ್ರದ ಎರಡು ಪೈಪು ಬಂದು ಸೇರುವ ಹಿತ್ತಾಳೆ ನಟ್ಟು ಇರುತ್ತದೆ. ಅದರ ಸುತ್ತ ಎಣ್ಣೆಯ ಜಿಡ್ಡು, ಜಿಡ್ಡಿಗೆ ದೂಳು ಮೆತ್ತಿಕೊಂಡಿದ್ದರೆ ಹೆಚ್ಚಾಗಿ ಕಳ್ಳ ಅಲ್ಲೇ ಇರುತ್ತಾನೆ. ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಸ್ವಲ್ಪ ಸ್ವಲ್ಪ ಜಿನುಗುತ್ತದೆ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಬರುತ್ತವೆ. ಮುಂದಿನ ಸಲ ಮೆಕ್ಯಾನಿಕ್ ಬಂದಾಗ ‘ಮೊದಲು ನೈಟ್ರೋಜನ್ ಹಾಕಿ ಪ್ರೆಶರ್ ಟೆಸ್ಟ್ ಮಾಡ್ರಿ, ಲೀಕ್ ತೆಗೀರಿ, ಆಮೇಲೆ ಗ್ಯಾಸ್’ ಅನ್ನಿ. ಗೊಣಗುತ್ತಾರೆ. ಗೊಣಗಲಿ. ಉಳಿದಿರುವ ಗ್ಯಾಸನ್ನು ಸುಸ್ ಅಂತ ಗಾಳಿಗೆ ಬಿಡೋದಕ್ಕೂ ಒಪ್ಪಬೇಡಿ, ಸಿಲಿಂಡರ್‌ಗೆ ಎಳೆದುಕೊಳ್ಳುವ ಮಷಿನ್ ಬರುತ್ತದೆ.

ಸೋರಿಕೆ ನಿಂತ ಮೇಲೆ 24–26 ಡಿಗ್ರಿಗೆ ಇಡಿ. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು 6 ಪರ್ಸೆಂಟ್ ಕರೆಂಟು ಉಳಿಯುತ್ತದೆ ಎನ್ನುವುದು ಇಂಧನ ದಕ್ಷತಾ ಬ್ಯೂರೋದ ಮಾತು. ಜೊತೆಗೆ ಬಿಎಲ್‌ಡಿಸಿ ಫ್ಯಾನ್ ಹಾಕಿಸಿ. ಸಾದಾ ಫ್ಯಾನ್ 75 ವ್ಯಾಟ್, ಇದು 30 ವ್ಯಾಟ್. ಮತ್ತೆ ಧಾರವಾಡ ಇದು. ಮಳೆಗಾಲದಲ್ಲೂ ಕಿಟಕಿ ಮುಚ್ಚಿ ಎಸಿ ಹಾಕುವ ಕ್ಲಾಸುಗಳನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಮೆಣಸಿನಕಾಯಿ ದಲಾಲಿ ಅಂಗಡಿ. ಲೇಸರ್ ಪ್ರಿಂಟರ್ ಮತ್ತು ಕಂಪ್ಯೂಟರ್ ಟೆಂಡರ್ ದಿನ ಬೆಳಗಿನಿಂದ ರಾತ್ರಿವರೆಗೂ ಹಚ್ಚಿಯೇ ಇರುತ್ತವೆ. ಇಂಕ್ ಪ್ರಿಂಟರ್ ಒಳ್ಳೇದಾ?
– ಓದುಗರು, ಬ್ಯಾಡಗಿ

ಸಾವಕಾರರೇ, ಲೇಸರ್ ಪ್ರಿಂಟರ್ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುತ್ತದೆ. ಅದಕ್ಕೆ ಒಳಗಿನ ರೋಲರ್ 200 ಡಿಗ್ರಿ ಹತ್ತಿರ ಬಿಸಿ ಆಗಬೇಕು. ಪ್ರಿಂಟ್ ಮಾಡುವಾಗ ಕೆಲವು ನೂರು ವ್ಯಾಟ್ ಎಳೆಯುತ್ತದೆ. ಇಂಕ್ ಟ್ಯಾಂಕ್ ಪ್ರಿಂಟರ್‌ಗೆ 10–20 ವ್ಯಾಟ್ ಸಾಕು. ಆದರೆ ಸೀಸನ್ ಮುಗಿದ ಮೇಲೆ ನಾಲ್ಕು ತಿಂಗಳು ಅಂಗಡಿ ತಣ್ಣಗಿದ್ದರೆ ಇಂಕ್ ಒಣಗಿ ಪ್ರಿಂಟರ್‌ನ ತಲೆ (ಪ್ರಿಂಟ್ ಹೆಡ್) ಕಟ್ಟಿಕೊಳ್ಳುತ್ತದೆ. ಲೇಸರ್ ಇದ್ದದ್ದು ಇರಲಿ, ಅದರ ಸ್ಲೀಪ್ ಟೈಮ್ ಒಂದು ನಿಮಿಷಕ್ಕೆ ಇಳಿಸಿ.

ನಿಮ್ಮ ಕಡೆ ನಿಜವಾದ ತೊಂದರೆ ಖಾರದ ದೂಳು. ಬ್ಯಾಡಗಿಯಲ್ಲಿ ಕಂಪ್ಯೂಟರ್ ಡಬ್ಬಿ ಬಿಚ್ಚಿದರೆ ಅಂಗಡಿಯವರೆಲ್ಲ ಸೀನಿಕೊಂಡು ಹೊರಗೆ ಓಡುತ್ತಾರೆ. ಫ್ಯಾನ್ ರೆಕ್ಕೆ ಕೆಂಪಗೆ, ಹೀಟ್‌ಸಿಂಕ್ ಸಂದುಗಳು ಪೂರ್ತಿ ಕಟ್ಟಿರುತ್ತವೆ. ಫ್ಯಾನ್ ಒದ್ದಾಡಿ ತಿರುಗುತ್ತದೆ, ಮಷಿನ್ ಬಿಸಿಯಾಗಿ ಬೇಗ ಸಾಯುತ್ತದೆ. ಸಾಯೋದೇ ಕಾರ್ಬನ್ ಲೆಕ್ಕದಲ್ಲಿ ದೊಡ್ಡ ನಷ್ಟ, ಮೇಲೆ ಹೇಳಿದೆನಲ್ಲ. ಮಷಿನ್ ನೆಲದ ಮೇಲೆ ಬೇಡ, ಎತ್ತರದಲ್ಲಿಡಿ. ತಿಂಗಳಿಗೊಮ್ಮೆ ಹೊರಗೆ ಒಯ್ದು ಬ್ಲೋವರ್ ಹೊಡೆಸಿ, ಮೂಗಿಗೆ ಟವಲ್ ಕಟ್ಟಿಕೊಂಡು. ಫ್ಯಾನೇ ಇಲ್ಲದ ಮಿನಿ ಪಿಸಿಗಳೂ ಬರುತ್ತವೆ, ನಿಮ್ಮಂಥ ಜಾಗಕ್ಕೆ ಅವು ಹೇಳಿಮಾಡಿಸಿದ ಹಾಗೆ.

ಪ್ರಶ್ನೆ: ಬೀಜದ ಕಂಪನಿಯ ಆಫೀಸು, ಸ್ವಂತ ಕಟ್ಟಡ. ಸೋಲಾರ್ ಹಾಕಿಸಬೇಕೆಂದಿದ್ದೇವೆ. ಎಷ್ಟು ಕಿಲೋವ್ಯಾಟ್? ಹಾಕಿಸಿದರೆ ಕರೆಂಟು ಹೋದಾಗಲೂ ನಡೆಯುತ್ತದೆ ಅಲ್ಲವೇ?
– ಓದುಗರು, ರಾಣೆಬೆನ್ನೂರು

ನಡೆಯುವುದಿಲ್ಲ, ಮತ್ತೆ ಇದನ್ನು ಮಾರುವವರು ಬಾಯಿ ಬಿಟ್ಟು ಹೇಳೋದಿಲ್ಲ. ಗ್ರಿಡ್‌ಗೆ ಜೋಡಿಸಿದ ಸಾದಾ ಸೋಲಾರ್ ಇನ್ವರ್ಟರ್, ಹೆಸ್ಕಾಂ ಕರೆಂಟು ಹೋದ ಕೂಡಲೇ ತಾನೂ ಬಂದ್ ಆಗುತ್ತದೆ. ಲೈನ್‌ಮನ್ ಕಂಬದ ಮೇಲೆ ಇದ್ದಾಗ ನಿಮ್ಮ ಮಾಳಿಗೆಯ ಕರೆಂಟು ಅವನಿಗೆ ಹೊಡೆಯಬಾರದು, ಅದಕ್ಕೆ. ಕರೆಂಟು ಹೋದಾಗಲೂ ಬೇಕು ಅಂದರೆ ಬ್ಯಾಟರಿ ಇರುವ ಹೈಬ್ರಿಡ್ ಹಾಕಿಸಬೇಕು, ಅದಕ್ಕೆ ದುಡ್ಡು ಜಾಸ್ತಿ.

ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್, ಸುಮಾರು 100 ಚದರಡಿ ನೆರಳಿಲ್ಲದ ಮಾಳಿಗೆ. 10 ಕಿಲೋವ್ಯಾಟ್ ಅಂದರೆ ವರ್ಷಕ್ಕೆ 14,600 ಯೂನಿಟ್, 10 ಟನ್ ಕಾರ್ಬನ್. ಆಫೀಸಿನ ಕೆಲಸ ಹಗಲಲ್ಲೇ ನಡೆಯೋದರಿಂದ ಸೋಲಾರ್‌ಗೆ ಚೆನ್ನಾಗಿ ಹೊಂದುತ್ತದೆ. ಆದರೆ ಎಷ್ಟು ಕಿಲೋವ್ಯಾಟ್ ಎಂದು ಈಗಲೇ ಹೇಳಲಾರೆ. ಗದಗಿನವರಿಗೆ ಹೇಳಿದ ರಾತ್ರಿ ರೀಡಿಂಗ್ ನೀವೂ ತಗೊಳ್ಳಿ, ಸುಮ್ನೆ ಓಡೋದನ್ನೆಲ್ಲ ಬಂದ್ ಮಾಡಿ, ಎರಡು ತಿಂಗಳ ಬಿಲ್ ನೋಡಿ. ಆಮೇಲೆ ನೆಟ್ ಮೀಟರಿಂಗ್‌ಗೆ (ಹೆಚ್ಚಾದ ಕರೆಂಟನ್ನು ಗ್ರಿಡ್‌ಗೆ ಕೊಟ್ಟು ಬಿಲ್‌ನಲ್ಲಿ ವಜಾ ಮಾಡಿಸಿಕೊಳ್ಳೋದು) ಹೆಸ್ಕಾಂಗೆ ಅರ್ಜಿ ಹಾಕಿ. ಸೋರುವ ಆಫೀಸಿಗೆ ಅಳತೆ ಹಾಕಿಸಿದರೆ ಬೇಕಾದ್ದಕ್ಕಿಂತ ಜಾಸ್ತಿ ಪ್ಯಾನೆಲ್‌ಗೆ ದುಡ್ಡು ಕೊಟ್ಟುಬಿಡುತ್ತೀರಿ.

ಪ್ರಶ್ನೆ: ನಮ್ಮ ಕಾಲೇಜಿನ ಅಟ್ಟದಲ್ಲಿ ಹಳೆಯ ಟಿವಿಯಂಥ ದಪ್ಪ ಮಾನಿಟರ್, ಯುಪಿಎಸ್ ಬ್ಯಾಟರಿ, ಕೆಟ್ಟ ಸಿಪಿಯು ರಾಶಿ ಬಿದ್ದಿವೆ. ಗುಜರಿಯವರು ತೂಕದ ಲೆಕ್ಕದಲ್ಲಿ ಕೇಳುತ್ತಿದ್ದಾರೆ. ಕೊಡಬಹುದೇ?
– ಗ್ರಂಥಪಾಲಕರು, ಹಾವೇರಿ

ಬ್ಯಾಟರಿ ಸುಲಭ. ಹೊಸದು ತಗೊಳ್ಳುವಾಗ ಡೀಲರ್ ಹಳೆಯದನ್ನು ಬೆಲೆ ಹಿಡಿದು ವಾಪಸ್ ತಗೊಳ್ಳುತ್ತಾರೆ, ಒಳಗಿನ ಸೀಸಕ್ಕೆ ಬೆಲೆ ಇದೆ. ಬಿಲ್‌ನಲ್ಲಿ ಆ ಕಡಿತ ಬರೆಸಿಕೊಳ್ಳಿ.

ಉಳಿದದ್ದನ್ನು ಗುಜರಿಗೆ ಕೊಡಬೇಡಿ. ಅಲ್ಲಿ ತಾಮ್ರಕ್ಕಾಗಿ ವೈರು ಸುಡುತ್ತಾರೆ, ಆ ಹೊಗೆ ಊರಿಗೇ. 1 ಏಪ್ರಿಲ್ 2023ರಿಂದ ಜಾರಿಗೆ ಬಂದ ಹೊಸ ಇ-ತ್ಯಾಜ್ಯ ನಿಯಮಗಳಲ್ಲಿ ನೋಂದಾಯಿತ ಮರುಬಳಕೆದಾರರಿಗೇ ಇಂಥದ್ದು ಹೋಗಬೇಕು ಎಂದಿದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸಿದರೆ ಯಾರಿಗೆ ಕೊಡಬಹುದು ಎಂದು ತಿಳಿಯುತ್ತದೆ. ನೀವೊಬ್ಬರೇ ಆದರೆ ಗಾಡಿ ಬಾಡಿಗೆ ಭಾರ. ಪಕ್ಕದ ಹೈಸ್ಕೂಲು, ಸೊಸೈಟಿ ಎಲ್ಲರದ್ದೂ ಸೇರಿಸಿ ಒಂದು ಲೋಡ್ ಮಾಡಿ. ಕೊಡುವ ಮುಂಚೆ ಸಿಪಿಯುಗಳಿಂದ ಹಾರ್ಡ್‌ಡಿಸ್ಕ್ ಬಿಚ್ಚಿಸಿ ಅಳಿಸಿ, ವಿದ್ಯಾರ್ಥಿಗಳ ಮಾಹಿತಿ ಅದರಲ್ಲಿರುತ್ತದೆ. ರ್‍ಯಾಮ್, ಪವರ್ ಸಪ್ಲೈ ಚೆನ್ನಾಗಿದ್ದರೆ ತೆಗೆದಿಟ್ಟುಕೊಳ್ಳಿ, ಲ್ಯಾಬ್‌ಗೆ ಬರುತ್ತವೆ. ಡೆಡ್‌ಸ್ಟಾಕ್ ರಿಜಿಸ್ಟರ್‌ನಲ್ಲಿ ಪ್ರಾಚಾರ್ಯರ ಸಹಿ ಮತ್ತು ಮರುಬಳಕೆದಾರರ ರಸೀದಿ ಎರಡೂ ಇರಲಿ, ಇಲ್ಲದಿದ್ದರೆ ಮುಂದೆ ಆಡಿಟ್‌ನಲ್ಲಿ ನಿಮ್ಮನ್ನೇ ಕೇಳುತ್ತಾರೆ.

ದಪ್ಪ ಮಾನಿಟರ್‌ಗೆ ಆ ಮರುಬಳಕೆದಾರರು ಹೆಚ್ಚಾಗಿ ದುಡ್ಡು ಕೊಡೋದಿಲ್ಲ. ಅದರ ಗಾಜಿನಲ್ಲಿ ಸೀಸ ಇದೆ. ಪುಕ್ಕಟೆ ಒಯ್ಯುತ್ತೇವೆ ಅಂದರೂ ಕೊಟ್ಟುಬಿಡಿ. ಅಟ್ಟದಿಂದ ಇಳಿಸುವಾಗ ಇಬ್ಬರು ಹಿಡಿಯಿರಿ, ಮುಖದ ಕಡೆ ಭಾರ ಜಾಸ್ತಿ ಇರುತ್ತದೆ.